ಓದಬಾರದ ದಿನದ ಪುಸ್ತಕದಂಗಡಿ

ತಪ್ಪು ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಹೇಳುವುದು ಸಲೀಸು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಊರ ತುಂಬ ಇದ್ದಾರೆ. ನಾನು ಸಿಕ್ಕಿಬಿದ್ದದ್ದು ನಿಜ ಹೇಳುವಾಗ. ಆಡಿದ ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ; ಆಡಿದ ಧ್ವನಿ ಮಾತ್ರ ನನ್ನದಲ್ಲ. ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಎಲ್ಲ ತಾನಾಗಿಯೇ ಸರಿಹೋಗುತ್ತಿತ್ತು. ಆದರೆ ನಾನು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕಂಡವರು ನಮ್ಮ ವಂಶದಲ್ಲಿ ಯಾರೂ ಇಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನಲ್ಲಿ ನಾನು ಕೆಲಸಕ್ಕಿದ್ದ ಪ್ರಿಂಟಿಂಗ್ ಮೆಷಿನ್ ಕಂಪನಿ ಟ್ರೈನಿಂಗ್ ಎಂದು ನನ್ನನ್ನು ಸಿಂಗಪುರಕ್ಕೆ ಅಟ್ಟಿತ್ತು. ಕ್ಲಾಸು ಜುರಾಂಗ್ ಈಸ್ಟ್‌ನಲ್ಲಿ. ಊಟ, ನಿದ್ದೆ, ಬೈಗಳು ಬಿಶಾನ್‌ನ ಅಕ್ಕನ ಫ್ಲ್ಯಾಟಿನಲ್ಲಿ. ಅಕ್ಕ ಉಡುಪಿ ಬಿಟ್ಟು ಬಂದು ವರ್ಷಗಳಾಗಿದ್ದರೂ ಉಡುಪಿ ಅವಳನ್ನು ಬಿಟ್ಟಿರಲಿಲ್ಲ. ಭಾವ ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಎಂಜಿನಿಯರ್. ಪ್ರತಿ ಮಾತಿಗೂ ಮುಂಚೆ “ಅದು ಹೇಗೆಂದರೆ...” ಎಂದು ನಿಧಾನವಾಗಿ ಲಂಗರು ಎತ್ತುವ ಮನುಷ್ಯ. ಲಂಗರು ಮೇಲೆ ಬರುವಷ್ಟರಲ್ಲಿ ಕೇಳುವವರು ದಡ ಬಿಟ್ಟಿರುತ್ತಿದ್ದರು.

ನನಗೆ ಚಿಕ್ಕಂದಿನಿಂದ ಅಂಟಿದ ರೋಗ ಮಿಮಿಕ್ರಿ. ಎದುರಿನವರು ಎರಡು ವಾಕ್ಯ ಆಡಿದರೆ ಮೂರನೆಯದನ್ನು ಅವರ ಪರವಾಗಿ ನಾನೇ ಆಡಬಲ್ಲೆ. ಸಿಂಗಪುರಕ್ಕೆ ಬಂದ ವಾರದೊಳಗೇ ಎಂಆರ್‌ಟಿ ರೈಲಿನ ಅನೌನ್ಸ್‌ಮೆಂಟ್ ಹೆಂಗಸು, ಕೆಳಮನೆಯ ಮಲಯ್ ಆಂಟಿ, ಭಾವ, ಎಲ್ಲರೂ ನನ್ನ ಗಂಟಲಿಗೆ ಶಿಫ್ಟ್ ಆಗಿದ್ದರು. ಅಕ್ಕನಿಗಂತೂ ಎರಡು ಧ್ವನಿ: ಮನೆಯವರಿಗೊಂದು, ಫೋನಿಗೊಂದು. ರಿಸೀವರ್ ಎತ್ತಿದಳೋ, ಸ್ವರ ಮೇಲೇರಿ “ಹಲೋ, ಯೆಸ್, ಟೆಲ್ ಮಿ ಪ್ಲೀಸ್” ಎಂದು ಯಾವುದೋ ಕಾನ್ವೆಂಟಿನ ಹೆಡ್‌ಮಿಸ್ಟ್ರೆಸ್ ಆಗಿಬಿಡುತ್ತಿದ್ದಳು. ಒಮ್ಮೆ ಆಫೀಸಿನಿಂದ ಫೋನ್ ಮಾಡಿದ ಭಾವ ನನ್ನನ್ನೇ ಅಕ್ಕ ಎಂದುಕೊಂಡು, ಏನು ತರಕಾರಿ ತರಲಿ ಎಂದು ಕೇಳಿ, ನಾನು ಹೇಳಿದ ಹಾಗಲಕಾಯಿಯನ್ನು ಹೊತ್ತು ತಂದಿದ್ದರು. ಆ ಮನೆಯಲ್ಲಿ ಹಾಗಲಕಾಯಿ ತಿನ್ನುವವರು ಯಾರೂ ಇರಲಿಲ್ಲ. ನಾನೂ ತಿನ್ನುತ್ತಿರಲಿಲ್ಲ, ಆದರೆ ಆವತ್ತು ತಿಂದೆ. ಅಕ್ಕ ಎದುರಿಗೆ ಕೂತು ತಿನ್ನಿಸಿದಳು.

ಇನ್ನು ಕೋಗಿಲೆ. ಬಿಶಾನ್‌ನ ಕೋಗಿಲೆಗಳಿಗೆ ನಾಚಿಕೆಯಿಲ್ಲ. ಬೆಳಕು ಹರಿಯುವ ಮೊದಲೇ ಕಿಟಕಿಯ ಹೊರಗೆ ಶುರು. ನಾನು ಒಳಗಿನಿಂದ ಉತ್ತರ ಕೊಡುತ್ತಿದ್ದೆ. ಅದು ಒಂದು ಮೆಟ್ಟಿಲು ಏರಿದರೆ ನಾನೂ ಒಂದು ಏರುತ್ತಿದ್ದೆ. ಈ ಜುಗಲ್‌ಬಂದಿಗೆ ನಿದ್ದೆಗೆಟ್ಟ ಭಾವ ಒಂದು ಶನಿವಾರ ಹೇಳಿದರು: “ಅದು ಹೇಗೆಂದರೆ, ನಾನು ಹೋಗ್ತೇನಲ್ಲ ಆ ಹಳೇ ಪುಸ್ತಕದಂಗಡಿ, ಅಲ್ಲಿಗೊಂದು ಹಕ್ಕಿ ಪುಸ್ತಕ ಬಂದಿದೆ. ಚಿತ್ರ ಕಡಿಮೆ. ಯಾವ ಹಕ್ಕಿ ಹೇಗೆ ಕೂಗ್ತದೆ ಅಂತ ಅಕ್ಷರದಲ್ಲಿ ಬರೆದಿಟ್ಟಿದ್ದಾನೆ ಯಾರೋ ಪುಣ್ಯಾತ್ಮ. ನಿನ್ನಂಥದ್ದೇ ಹುಚ್ಚು.”

ನನಗೆ ಕಿವಿ ನೆಟ್ಟಗಾಯಿತು. ಕೂಗನ್ನು ಅಕ್ಷರದಲ್ಲಿ ಬರೆಯುವುದು ಹೇಗೆ? ಕೋಗಿಲೆಯ ಆ ಕೊನೆಯ ಏರುಸ್ವರಕ್ಕೆ ಯಾವ ಕಾಗುಣಿತ? ನನ್ನಂತೆ ಇನ್ನೊಬ್ಬ ಕೆಲಸವಿಲ್ಲದವನು ಈ ಭೂಮಿಯ ಮೇಲೆ ಇದ್ದ, ಅದನ್ನು ರಟ್ಟು ಹಾಕಿಸಿ ಅಚ್ಚೂ ಮಾಡಿಸಿದ್ದ ಎಂದರೆ ಅದನ್ನು ನೋಡದೆ ಊರಿಗೆ ಹೋಗುವುದು ಹೇಗೆ? ಭಾವ ಆ ಅಂಗಡಿಯ ಬಗ್ಗೆ ಇನ್ನೇನೋ ಹೇಳಲು ಮತ್ತೆ “ಅದು ಹೇಗೆಂದರೆ...” ಎಂದರು. ನಾನೂ ಅವರ ಧ್ವನಿಯಲ್ಲೇ “ಅದು ಹೇಗೆಂದರೆ...” ಎಂದೆ. ಅವರು ನಕ್ಕು ಸುಮ್ಮನಾದರು. ಆ ವಾಕ್ಯ ಮುಗಿಸಲು ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಇವತ್ತು ಹೋಗೋಣ, ನಾಳೆ ಹೋಗೋಣ ಎಂದು ಮಾಲ್ ಸುತ್ತುತ್ತ ಕಾಲ ಕಳೆದೆ. ಉಳಿದದ್ದು ಕೊನೆಯ ಒಂದು ದಿನ. ಮರುದಿನ ಬೆಳಿಗ್ಗೆ ವಿಮಾನ. ನೋಡಿದರೆ ಆ ಕೊನೆಯ ದಿನ ನವರಾತ್ರಿಯ ನವಮಿ.

ನಮ್ಮ ಕಡೆ ಶಾರದಾಪೂಜೆಗೆ ಪುಸ್ತಕಗಳನ್ನು ದೇವರ ಮುಂದೆ ಜೋಡಿಸಿಟ್ಟರೆ ಮುಗಿಯಿತು. ವಿಜಯದಶಮಿಯ ಬೆಳಿಗ್ಗೆ ತೆಗೆಯುವವರೆಗೆ ಯಾರೂ ಯಾವ ಪುಸ್ತಕವನ್ನೂ ಓದುವಂತಿಲ್ಲ. ಶಾಲೆಗೆ ಹೋಗುವಾಗ ಇದರಷ್ಟು ಒಳ್ಳೆಯ ಪದ್ಧತಿ ಇನ್ನೊಂದಿಲ್ಲ ಅನ್ನಿಸುತ್ತಿತ್ತು. ಅಕ್ಕ ಟೀವಿ ಪಕ್ಕದ ದೇವರ ಕಪಾಟಿನ ಮುಂದೆ ಮನೆಯ ಪುಸ್ತಕವನ್ನೆಲ್ಲ ಪೇರಿಸಿದ್ದಳು. ಅಡುಗೆ ಪುಸ್ತಕ, ರಸ್ತೆಗಳ ಮ್ಯಾಪಿನ ಪುಸ್ತಕ, ವಾಷಿಂಗ್ ಮೆಷಿನ್ ಜೊತೆ ಬಂದ ಪುಸ್ತಕ, ಭಾವನ ಚೆಕ್‌ಬುಕ್, ಎಲ್ಲದರ ಮೇಲೆ ನನ್ನ ಪಾಸ್‌ಪೋರ್ಟ್, ಅದರ ಮೇಲೊಂದು ದಾಸವಾಳ.

“ಅಕ್ಕಾ, ಅದು ಪಾಸ್‌ಪೋರ್ಟ್.”

“ಹೊಲಿಗೆ ಉಂಟಲ್ಲ? ಹೊಲಿಗೆ ಇದ್ದದ್ದೆಲ್ಲ ಪುಸ್ತಕ.”

ಭಾವ ಪೇಪರಿನಿಂದ ತಲೆ ಎತ್ತಿದರು. “ಹಾಗಾದರೆ ನನ್ನ ಅಂಗಿ?”

“ನಿಮಗೆ ಪೇಪರ್ ಕೊಟ್ಟದ್ದೇ ಹೆಚ್ಚಾಯ್ತು. ಅದಕ್ಕೆ ಹೊಲಿಗೆ ಇಲ್ಲ ಅಂತ ಬಿಟ್ಟಿದ್ದೇನೆ.” ಅಕ್ಕ ನನ್ನ ಕಡೆ ತಿರುಗಿದಳು. “ನಾಳೆ ಬೆಳಿಗ್ಗೆ ಬೇಗ ಎದ್ದು ಪೂಜೆ ಮಾಡಿ ತೆಗೆದುಕೊಡ್ತೇನೆ. ದಶಮಿ ದಿನ ಪ್ರಯಾಣ, ಒಳ್ಳೇದೇ ಆಯ್ತು.”

“ಪುಸ್ತಕದಂಗಡಿಗೆ ಹೋಗ್ಬಹುದಾ ಇವತ್ತು?”

“ಹೋಗು. ತಗೋ. ತೆರೆದರೆ ಮಾತ್ರ ಉಂಟಲ್ಲ, ಮಾರಾಯ!”

“ಮೇಲಿನ ಹೆಸರು ಓದ್ಬಹುದಾ?”

ಅಕ್ಕ ಸ್ವಲ್ಪ ಯೋಚಿಸಿದಳು. “ರಟ್ಟು ಅಂದ್ರೆ ಬೋರ್ಡಿನ ಲೆಕ್ಕ. ಬೋರ್ಡ್ ಓದ್ಬಹುದು.” ನಂತರ ಆ ರಾಶಿಯ ಮೇಲೆ ನನ್ನ ಕೈ ಇಡಿಸಿ ಮಾತು ತೆಗೆದುಕೊಂಡಳು. ತಾನು ಹೂವು, ಬಾಳೆ ಎಲೆ ತರಲು ಸೆರಂಗೂನ್ ರೋಡಿಗೆ ಹೋಗುವವಳಿದ್ದಾಳೆ, ಸಂಜೆ ಪೂಜೆಗೆ ಜನ ಬರುತ್ತಾರೆ, ಹಿಂದಿರುಗುವಾಗ ಅಂಗಡಿಗೇ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾಳೆ. “ಎಲೆ ಹೊರಲಿಕ್ಕೆ ಆಳು ಬೇಕು” ಎಂದಳು.

ದೇವರ ಬಗ್ಗೆ ಆ ವಯಸ್ಸಿನಲ್ಲಿ ನನಗೆ ಅಲ್ಪಸ್ವಲ್ಪ ಅನುಮಾನ ಇತ್ತು. ಅಕ್ಕನ ಬಗ್ಗೆ ಇರಲಿಲ್ಲ. ಅದೂ ಅಲ್ಲದೆ, ನಾಳೆ ವಿಮಾನ ಹತ್ತುವವನು ಇವತ್ತು ಶಾರದೆಯನ್ನು ಕೆಣಕುವುದುಂಟೆ?

ಅಂಗಡಿ ಇದ್ದದ್ದು ನಗರದ ನಡುವಿನ ಹಳೆಯ ಕಾಂಪ್ಲೆಕ್ಸ್ ಒಂದರಲ್ಲಿ, ಕನ್ನಡಕದಂಗಡಿ ಮತ್ತು ಹೊಲಿಗೆ ಯಂತ್ರ ರಿಪೇರಿಯವನ ನಡುವೆ. ಬಾಗಿಲು ತೆರೆದರೆ ಹಳೆ ಕಾಗದದ ವಾಸನೆಯ ಜೊತೆ ಎಣ್ಣೆಯ ವಾಸನೆಯೂ ಬರುತ್ತಿತ್ತು, ಆ ರಿಪೇರಿಯವನ ಕೃಪೆ. ಕಪಾಟುಗಳು ಸೂರಿನವರೆಗೆ, ಅವು ಸಾಲದೆ ಪುಸ್ತಕಗಳು ನೆಲಕ್ಕಿಳಿದು ನಡೆದಾಡುವವರ ಕಾಲಿಗೆ ಅಡ್ಡ ಕೂತಿದ್ದವು. ಕೌಂಟರಿನ ಹಿಂದೆ ಬಿಳಿ ಬನಿಯನ್ ತೊಟ್ಟ, ತೆಳ್ಳಗಿನ ಚೀನೀ ಮುದುಕರು, ಕೈಯಲ್ಲಿ ಬೀಸಣಿಗೆ. ಎಲ್ಲರೂ ಅವರನ್ನು ಅಂಕಲ್ ಎನ್ನುತ್ತಿದ್ದರು. ಅವರು ಆಡುತ್ತಿದ್ದದ್ದು ಅವರದೇ ಇಂಗ್ಲಿಷ್. ಇಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದೇನೆ. ಅಲ್ಲಿಯವರು ಮಾತಿನ ಕೊನೆಗೆ ಸುಮ್ಮನೆ ಅಂಟಿಸುವ ‘ಲಾ’ ಮಾತ್ರ ತರಲು ಹೋಗಿಲ್ಲ, ಅದು ತಾನೇ ಬಂದಿದೆ.

ಒಳಗೆ ಹೆಜ್ಜೆ ಇಟ್ಟವನೇ ಒಂದು ದಪ್ಪ ಪುಸ್ತಕಕ್ಕೆ ಕಾಲು ತಾಗಿಸಿದೆ. ಅಭ್ಯಾಸಬಲ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅಂಕಲ್‌ರ ಬೀಸಣಿಗೆ ನಿಂತಿತು. ಮುಂದಿನ ಹೆಜ್ಜೆಗೆ ಇನ್ನೊಂದು ತಾಗಿತು, ಮತ್ತೆ ಬಗ್ಗಿದೆ. ಅಂಗಡಿಯ ಆ ತುದಿ ಮುಟ್ಟುವಷ್ಟರಲ್ಲಿ ನಾನೊಂದು ಪ್ರದಕ್ಷಿಣೆ ನಮಸ್ಕಾರವನ್ನೇ ಮುಗಿಸಿದ್ದೆ. ಆಮೇಲೆ ಹುಡುಕಾಟ. ಒಂದೊಂದೇ ಪುಸ್ತಕ ಇಳಿಸುವುದು, ರಟ್ಟು ನೋಡುವುದು, ಅಂಗೈಯಲ್ಲಿ ತೂಗುವುದು, ಮೂಸುವುದು, ತೆರೆಯದೆ ವಾಪಸ್ ಇಡುವುದು. ದೂರದಿಂದ ನೋಡಿದವರಿಗೆ ನಾನು ಕಲ್ಲಂಗಡಿ ಆರಿಸುತ್ತಿದ್ದೇನೆ ಅನ್ನಿಸಿರಬೇಕು.

ಹಸಿರು ರಟ್ಟಿನ ಹಕ್ಕಿ ಪುಸ್ತಕ ಸಿಕ್ಕಿತು. ಎದೆಗವಚಿಕೊಂಡು ಕೌಂಟರಿಗೆ ಬಂದೆ. ನನಗಿಂತ ಮುಂದೆ ಆಫೀಸಿನ ಸೂಟು ತೊಟ್ಟ ಹೆಂಗಸೊಬ್ಬಳು ಕಾದಂಬರಿ ಹಿಡಿದು ನಿಂತಿದ್ದಳು. ದುಡ್ಡು ಕೊಟ್ಟು ಹೋಗುತ್ತಾಳೆ ಎಂದುಕೊಂಡರೆ, ಅವಳು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದತೊಡಗಿದಳು! ಮೊದಲು ನಾಚಿಕೊಂಡು, ಆಮೇಲೆ ಕಥೆಯೊಳಗೆ ಇಳಿದು, ಪುಟದ ಕೊನೆಗೆ ಬರುವಾಗ ಅಂಗಡಿಯನ್ನೇ ಮರೆತಿದ್ದಳು. ಅಂಕಲ್ ಅವಳ ಮುಖವನ್ನೇ ನೋಡುತ್ತಿದ್ದರು. ಪುಟ ಮುಗಿದ ಮೇಲೆ ತಲೆಯಾಡಿಸಿ ಪುಸ್ತಕವನ್ನು ಕಾಗದದ ಚೀಲಕ್ಕೆ ಹಾಕಿಕೊಟ್ಟರು.

“ಮುಂದೆ” ಎಂದರು ನನಗೆ. “ಮೊದಲ ಪುಟ ಓದು.”

ಭಾವ ಅಂದು ಎತ್ತಿದ ಲಂಗರು ಈಗ ನನ್ನ ತಲೆಯ ಮೇಲೆ ಬಿತ್ತು.

“ಅಂಕಲ್, ಹಾಗೇ ಕೊಡಿ. ಮನೆಯಲ್ಲಿ ಓದ್ತೇನೆ.”

“ಎಲ್ಲರೂ ಹಾಗೇ ಹೇಳೋದು. ಇಲ್ಲಿ ಓದು, ಆಮೇಲೆ ಮಾರ್ತೇನೆ ಲಾ.”

“ಯಾಕೆ ಅಂಕಲ್?”

“ನಮ್ಮಪ್ಪನದು ಔಷಧಿ ಅಂಗಡಿ. ಬೇರು, ತೊಗಟೆ. ನಾಲಗೆ ಹೊರಗೆ ಹಾಕಿಸಿ ನೋಡದೆ ಯಾರಿಗೂ ಔಷಧಿ ಕಟ್ಟಿಕೊಡುತ್ತಿರಲಿಲ್ಲ. ನಾನೂ ನೋಡ್ತೇನೆ. ಒಗ್ಗದಿದ್ದರೆ ಕೊಡೋದಿಲ್ಲ.”

ನನಗೆ ಈ ಮುದುಕರ ಮೇಲೆ ಒಮ್ಮೆಲೇ ಪ್ರೀತಿ ಹುಟ್ಟಿತು. ಅದೇ ಹೊತ್ತಿಗೆ ಪ್ರಾಣಸಂಕಟವೂ ಶುರುವಾಯಿತು. ಬಾಯಿಗೆ ಬಂದ ಮೊದಲ ಸುಳ್ಳು ಬಿಟ್ಟೆ: “ಕನ್ನಡಕ ತಂದಿಲ್ಲ, ಅಂಕಲ್.”

ಅವರು ಕೌಂಟರಿನ ಕೆಳಗಿನಿಂದ ಬಿಸ್ಕತ್ತಿನ ಡಬ್ಬಿ ತೆಗೆದು ನನ್ನ ಮುಂದೆ ಸುರಿದರು. ಗಿರಾಕಿಗಳು ಮರೆತುಹೋದ ಕನ್ನಡಕಗಳ ರಾಶಿ. ಒಂದೊಂದಾಗಿ ಏರಿಸಿಕೊಂಡೆ. ಒಂದರಲ್ಲಿ ಅಂಕಲ್ ಆನೆಯಷ್ಟಾದರು, ಇನ್ನೊಂದರಲ್ಲಿ ಇಬ್ಬರಾದರು. ಯಾವುದೂ ಹೊಂದುವುದಿಲ್ಲ ಎಂದೆ. “ಗೋಡೆಯ ಮೇಲೆ ಏನು ಬರೆದಿದೆ?” ಎಂದರು. ಸಿಗರೇಟು ಸೇದಬಾರದು ಎಂದು ಬರೆದಿದೆ ಎಂದು ಓದಿಬಿಟ್ಟೆ. ಬೋರ್ಡು ಓದಬಹುದಲ್ಲ!

ಇನ್ನು ದಾರಿಯಿಲ್ಲದೆ ನಿಜ ಹೇಳಿದೆ. ವಿದ್ಯೆಗೆ ನಮ್ಮಲ್ಲೊಬ್ಬಳು ದೇವಿ ಇದ್ದಾಳೆ, ಇವತ್ತು ಅವಳ ಪೂಜೆ, ಆದ್ದರಿಂದ ಇವತ್ತು ಯಾರೂ ಓದುವಂತಿಲ್ಲ.

ಅಂಕಲ್ ಒಂದೊಂದೇ ಬೆರಳು ಮಡಚತೊಡಗಿದರು. “ವಿದ್ಯೆಯ ದೇವರ ಹಬ್ಬ.”

“ಹೌದು.”

“ಅದಕ್ಕೇ ಓದಬಾರದು.”

“ಹೌದು.”

“ಆದರೂ ನೀನು ಪುಸ್ತಕದಂಗಡಿಗೆ ಬಂದಿದ್ದೀಯ.”

ಅವರ ಬಾಯಲ್ಲಿ ಕೇಳಿದಾಗ ನನಗೂ ನಂಬಿಕೆ ಹೋಯಿತು. “ಅಂಕಲ್, ನಾಳೆ ಬೆಳಿಗ್ಗೆ ಊರಿಗೆ ಹೋಗ್ತಿದ್ದೇನೆ. ಈ ಪುಸ್ತಕ ಇನ್ನೆಲ್ಲೂ ಸಿಗುವುದಿಲ್ಲ.”

“ಕನ್ನಡಕ ಇಲ್ಲ ಅಂದೆ, ಕಣ್ಣು ಚೆನ್ನಾಗಿದೆ. ಈಗ ದೇವರು ಅಂತೀಯ. ನಿನ್ನ ಮನೆಯಲ್ಲಿ ದೊಡ್ಡವರು ಯಾರಾದರೂ ಇದ್ದಾರಾ? ಅವರು ಹೇಳಲಿ, ನಂಬ್ತೇನೆ.” ಪುಸ್ತಕವನ್ನು ತಮ್ಮ ಹಿಂದಿನ ಸ್ಟೂಲಿನ ಮೇಲಿಟ್ಟುಕೊಂಡರು. “ಬಾಗಿಲು ಮುಚ್ಚುವವರೆಗೆ ಇಲ್ಲೇ ಇರುತ್ತದೆ. ಆಮೇಲೆ ಕಪಾಟಿಗೆ.”

ಬುದ್ಧಿ ಇದ್ದವನು ಏನು ಮಾಡುತ್ತಿದ್ದ? ಅಕ್ಕ ಇನ್ನೇನು ಬರುವವಳೇ, ಅಲ್ಲೇ ಕಾದು ನಿಲ್ಲುತ್ತಿದ್ದ. ನಾನು “ಅಕ್ಕನಿಗೆ ಫೋನ್ ಮಾಡಿಸ್ತೇನೆ” ಎಂದು ಹೇಳಿ ದಡದಡ ಮೆಟ್ಟಿಲಿಳಿದು ಕೆಳಗಿನ ಕಾಫಿ ಅಂಗಡಿಯ ಪಕ್ಕದ ಪೇಫೋನಿಗೆ ನಾಣ್ಯ ಹಾಕಿದೆ. ನಂಬರು ಅಂಗಡಿಯ ಬೋರ್ಡಿನ ಮೇಲೇ ಇತ್ತು. ಗಂಟಲು ಸರಿಮಾಡಿಕೊಂಡೆ. ಆ ಕಡೆ ಅಂಕಲ್ “ಯೆಸ್?” ಎಂದದ್ದೇ ತಡ, ಹೆಡ್‌ಮಿಸ್ಟ್ರೆಸ್ ಹೊರಬಂದಳು.

“ಹಲೋ, ಯೆಸ್, ಆ ಹುಡುಗನ ಅಕ್ಕ ಮಾತಾಡ್ತಿರೋದು. ಅವನು ಹೇಳಿದ್ದು ನಿಜ. ಇವತ್ತು ನಾವು ಓದುವುದಿಲ್ಲ. ತುಂಬ ಒಳ್ಳೆಯ ಹುಡುಗ, ಮರ್ಯಾದಸ್ಥ. ದಯವಿಟ್ಟು ಪುಸ್ತಕ ಕೊಟ್ಟುಬಿಡಿ.”

“ಒಂದು ನಿಮಿಷ ಲಾ” ಎಂದರು ಅಂಕಲ್. ರಿಸೀವರ್ ಕೈ ಬದಲಾಯಿಸಿದ ಸದ್ದು. ಆಮೇಲೆ ಕನ್ನಡ.

“ಓ, ನಮಸ್ಕಾರ ಅಕ್ಕ. ಚೆನ್ನಾಗಿದ್ದೀರಾ? ನಿಮ್ಮ ಬಾಳೆ ಎಲೆ ಕಟ್ಟು ಇಲ್ಲೇ ಉಂಟು. ಬಂದು ಹೊತ್ತುಕೊಂಡು ಹೋಗಿ.”

ನಾನು ಹಿಂದಿನ ಮೆಟ್ಟಿಲಿನಿಂದ ಇಳಿಯುವಾಗ ಅಕ್ಕ ಮುಂದಿನ ಲಿಫ್ಟಿನಲ್ಲಿ ಬಂದಿದ್ದಳು. ಅಂಕಲ್ ಕೇಳುವ ಮೊದಲೇ, “ಇಲ್ಲಿಗೆ ಒಬ್ಬ ಮಂಗ ಬಂದಿದ್ದನಾ?” ಎಂದು ಅವಳೇ ವಿಚಾರಿಸಿದ್ದಳಂತೆ. ಓದಬಾರದ ವಿಷಯವನ್ನೂ ಅವಳೇ ಹೇಳಿ ಮುಗಿಸಿದ್ದಳು, ಅಂಕಲ್ ನಂಬಿಯೂ ಆಗಿತ್ತು. ಪುಸ್ತಕ ಸ್ಟೂಲಿನಿಂದ ಚೀಲದೊಳಕ್ಕೆ ಇಳಿಯುತ್ತಿದ್ದ ಆ ಹೊತ್ತಿಗೇ ಎರಡನೆಯ ಅಕ್ಕ ಫೋನ್ ಮಾಡಿದ್ದಳು.

ನಾನು ಮೇಲೆ ಬಂದಾಗ ಪುಸ್ತಕ ಮತ್ತೆ ಸ್ಟೂಲಿನ ಮೇಲಿತ್ತು. ಅಕ್ಕ ಒಂದು ಪುಸ್ತಕದ ರಾಶಿಯ ಪಕ್ಕ, ಅದಕ್ಕೆ ಕಾಲು ತಾಗದಂತೆ, ಹೂವಿನ ಪೊಟ್ಟಣ ಹಿಡಿದು ಕೂತಿದ್ದಳು. ನಾನು ಕೂಡಲೇ ಬಾಳೆ ಎಲೆಯ ಕಟ್ಟನ್ನು ಹೆಗಲಿಗೇರಿಸಿಕೊಂಡೆ. ಅದರ ಹಿಂದೆ ಮುಖ ಮರೆಸುವುದು ಸುಲಭ.

“ಹಬ್ಬ ನಿಜ. ಇವನು ನಿಜ ಅಲ್ಲ” ಎಂದರು ಅಂಕಲ್ ಅಕ್ಕನಿಗೆ. “ಹೇಗೆ ಕೊಡಲಿ?”

ಅಕ್ಕ ನನ್ನನ್ನು ಬೈಯಲಿಲ್ಲ. ಬೈಗಳು ಮನೆಗೆ ಮೀಸಲು. ಹೊರಗಿನವರ ಮುಂದೆ ನಾನು ಅವಳ ತಮ್ಮ. “ಕೊಡಿ ಅಂಕಲ್. ಇವತ್ತು ದೇವರ ಮುಂದೆ ಇಡ್ತೇವೆ.”

“ಇಟ್ಟು ಏನು ಮಾಡ್ತೀರಿ?”

“ಅರಸಿನ, ಕುಂಕುಮ, ಹೂವು. ನಾಳೆ ಬೆಳಿಗ್ಗೆ ಪೂಜೆ ಮಾಡಿ ತೆಗೆಯುವುದು. ತೆಗೆದ ಮೇಲೆ ಅಲ್ಲೇ ಕೂತು ಒಂದು ಪುಟ ಓದಬೇಕು.”

ಅಂಕಲ್‌ರ ಬೀಸಣಿಗೆ ಮತ್ತೆ ನಿಂತಿತು. “ಗಟ್ಟಿಯಾಗಿ?”

“ಮತ್ತೆ? ದೇವರಿಗೆ ಕೇಳಬೇಡವಾ?”

“ನಿಮ್ಮ ದೇವರೂ ಕೇಳಿಸಿಕೊಳ್ತಾರಾ!” ಮುದುಕರ ಮುಖ ಅರಳಿತು. ಇಷ್ಟು ವರ್ಷಗಳಲ್ಲಿ ತಮ್ಮ ಕಸುಬು ಗೊತ್ತಿರುವ ಇನ್ನೊಬ್ಬರು ಸಿಕ್ಕಿದ್ದು ಇದೇ ಮೊದಲು ಎಂಬಂತೆ ಅವರು ದೇವಿಯ ವಿಷಯ ಕೇಳಿದ್ದೇ ಕೇಳಿದ್ದು: ಯಾವ ಪುಸ್ತಕ ಇಟ್ಟರೂ ಆಗುತ್ತದಾ, ಕೆಟ್ಟ ಪುಸ್ತಕ ಇಟ್ಟರೆ ಏನಾಗುತ್ತದೆ, ತಪ್ಪಾಗಿ ಓದಿದರೆ ಸಿಟ್ಟು ಮಾಡುತ್ತಾಳಾ. ಅಕ್ಕ ಗೊತ್ತಿದ್ದಕ್ಕೆ ಉತ್ತರ ಕೊಟ್ಟಳು, ಗೊತ್ತಿಲ್ಲದ್ದಕ್ಕೆ ಇನ್ನೂ ಧೈರ್ಯವಾಗಿ ಕೊಟ್ಟಳು. ನಾನು ಎಲೆ ಹೊತ್ತು ನಿಂತೇ ಇದ್ದೆ.

ಕೊನೆಗೆ ಒಪ್ಪಂದವಾಯಿತು. ಪುಸ್ತಕ ಮುಚ್ಚಿದಂತೆಯೇ ಮನೆಗೆ ಬರುವುದು. ಬೆಳಿಗ್ಗೆ ಪೂಜೆ ಆದ ಮೇಲೆ ನಾನು ಅಂಕಲ್‌ಗೆ ಫೋನ್ ಮಾಡಿ ಮೊದಲ ಪುಟ ಓದುವುದು. ಅವರು ಹೇಗೂ ಬೆಳಗಾಗುವ ಮೊದಲೇ ಅಂಗಡಿಗೆ ಬಂದು ಚಹಾ ಕಾಯಿಸಿಕೊಂಡು ಕೂತಿರುತ್ತಾರೆ. ಒಗ್ಗಿದರೆ ಪುಸ್ತಕ ವಿಮಾನ ಹತ್ತುತ್ತದೆ. ಒಗ್ಗದಿದ್ದರೆ ಶನಿವಾರ ಭಾವನ ಜೊತೆ ವಾಪಸ್.

ಆವತ್ತು ಸಂಜೆ ಪೂಜೆಗೆ ಬಂದವರಿಗೆಲ್ಲ ಅಕ್ಕ ಎರಡನೆಯ ಅಕ್ಕನ ಕಥೆ ಹೇಳಿದಳು. ನನ್ನ ಧ್ವನಿಯನ್ನು, ಅಂದರೆ ನಾನು ಮಾಡಿದ ಅವಳ ಧ್ವನಿಯನ್ನು, ಅವಳೇ ಅಣಕಿಸಿ ತೋರಿಸಿದಳು. ಚೆನ್ನಾಗಿಯೇ ಮಾಡಿದಳು. ಕುಲವಿದ್ಯೆ.

ಬೆಳಿಗ್ಗೆ ಸೂಟ್‌ಕೇಸು ಬಾಗಿಲ ಹತ್ತಿರ, ಟ್ಯಾಕ್ಸಿ ಬುಕ್ ಆಗಿದೆ. ಅಕ್ಕ ಮಂಗಳಾರತಿ ಎತ್ತಿ, ಪಾಸ್‌ಪೋರ್ಟ್ ತೆಗೆದು ಜೇಬಿಗೆ ತುರುಕಿ, ಹಕ್ಕಿ ಪುಸ್ತಕವನ್ನು ಕೈಗಿಟ್ಟಳು. ಹಸಿರು ರಟ್ಟಿನ ಮೇಲೆ ಕುಂಕುಮದ ಬೊಟ್ಟು. ಫೋನಿನ ವಯರು ದೇವರವರೆಗೆ ಮುಟ್ಟುತ್ತಿರಲಿಲ್ಲ, ಭಾವ ಅದನ್ನು ಎಳೆದು ಹಿಡಿದು ಅರ್ಧ ಬಗ್ಗಿ ನಿಂತರು. ನಾನು ಚಕ್ಕಳಮಕ್ಕಳ ಕೂತು ಪುಸ್ತಕ ತೆರೆದೆ. ಆಗ ಹೊಳೆಯಿತು, ಇಂಗ್ಲಿಷನ್ನು ನಾನು ನನ್ನ ಧ್ವನಿಯಲ್ಲಿ ಗಟ್ಟಿಯಾಗಿ ಓದಿದವನೇ ಅಲ್ಲ. ಕಾಲೇಜಿನಲ್ಲಿ ಓದು ಎಂದು ಎಬ್ಬಿಸಿ ನಿಲ್ಲಿಸಿದಾಗಲೂ ಯಾವನೋ ಒಬ್ಬ ಮೇಷ್ಟರ ಧ್ವನಿಯಲ್ಲಿ ಓದಿ ಕೂರುತ್ತಿದ್ದೆ.

ರೇಡಿಯೋ ವಾರ್ತೆಯವನ ಗಂಭೀರ ಧ್ವನಿ ತೆಗೆದು ಶುರು ಮಾಡಿದೆ. ಪುಟ ಮುಗಿಯಿತು. ಆ ಕಡೆಯಿಂದ ಚಹಾ ಹೀರುವ ಸದ್ದು ಬಿಟ್ಟರೆ ಏನೂ ಇಲ್ಲ. ಗಾಬರಿಗೆ ನಾಲಗೆ ಇನ್ನೊಂದು ಕಡೆ ಜಾರಿತು. ಎರಡನೆಯ ಸಲ ಅಂಕಲ್‌ರ ಧ್ವನಿಯಲ್ಲೇ, ಅವರ ‘ಲಾ’ ಸಮೇತ, ಅವರಿಗೇ ಓದಿ ಹೇಳಿದೆ. ಭಾವ ವಯರು ಹಿಡಿದುಕೊಂಡೇ ಕಣ್ಣು ಮುಚ್ಚಿಕೊಂಡರು. ಆ ಕಡೆ ಚಹಾ ಹೀರುವುದೂ ನಿಂತಿತು.

ಮೂರನೆಯ ಸಲ ಶುರು ಮಾಡುವಾಗ ನನ್ನ ಗಂಟಲಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ತಡವರಿಸುತ್ತ, ಉಡುಪಿಯ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಕಾಲೂರಿ ನೋಡಿ ದಾಟಿದೆ. ಪುಟದ ಅಡಿಯಲ್ಲಿ ಕೋಗಿಲೆಯ ಕೂಗನ್ನು ಅಕ್ಷರದಲ್ಲಿ ಬರೆದಿತ್ತು. ನಾನದನ್ನು ಮುಟ್ಟುವುದಕ್ಕೂ ಹೊರಗೆ ನಮ್ಮ ಕೋಗಿಲೆ ಕೂಗುವುದಕ್ಕೂ ಸರಿಹೋಯಿತು. ಉತ್ತರ ಕೊಡುವುದು ಮರೆತೇಹೋಯಿತು. ಬರೆದದ್ದರ ಮೇಲೆ ಬೆರಳಿಟ್ಟುಕೊಂಡು ಕೇಳಿಸಿಕೊಂಡೆ. ಅದು ಮತ್ತೊಮ್ಮೆ ಕೂಗಿತು.

“ಅಂಕಲ್, ಇವನು ಬರೆದದ್ದು ಕೊನೆಯಲ್ಲಿ ಸ್ವಲ್ಪ ತಪ್ಪಿದೆ. ಅದು ಇನ್ನೂ ಮೇಲೆ ಹೋಗ್ತದೆ” ಎಂದೆ.

ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಅಕ್ಕ ಮಂಗಳಾರತಿ ತಟ್ಟೆ ಹಿಡಿದು ನಿಂತೇ ಇದ್ದಳು. ರಿಸೀವರಿನಲ್ಲಿ ಅಂಕಲ್ ಗಂಟಲು ಸರಿಮಾಡಿಕೊಂಡು, ಮೂವರಿಗೂ ಕೇಳುವಂತೆ ಹೇಳಿದರು:

“ಮೊದಲು ಓದಿದ ಇಬ್ಬರಿಗೂ ಪುಸ್ತಕ ಇಲ್ಲ. ಮೂರನೆಯವನಿಗೆ ಹೇಳು, ತಗೊಂಡು ಹೋಗಲಿ ಲಾ.”